ಬಿಡಿ ಸಂಚಿಕೆ ಕೊಳ್ಳುವುದೋ, ಸಂಪುಟಕ್ಕೆ ಕಾಯುವುದೋ: ಕಾಮಿಕ್ಸ್ ಓದುಗರಿಗೊಂದು ಕೈಪಿಡಿ

ಒಂದು ಕಾಮಿಕ್ಸ್ ಸರಣಿ ನಿಮಗೆ ಹಿಡಿಸಿತು ಅಂತಿಟ್ಟುಕೊಳ್ಳಿ. ತಿಂಗಳಿಗೊಂದರಂತೆ ಬರುವ ತೆಳು ಸಂಚಿಕೆಗಳನ್ನು ಬಂದಬಂದ ಹಾಗೆ ಕೊಳ್ಳುವುದೋ, ಐದಾರು ಸಂಚಿಕೆ ಒಟ್ಟು ಸೇರಿ ಪುಸ್ತಕವಾಗುವ ತನಕ ತಡೆದುಕೊಳ್ಳುವುದೋ? ಅಮೆರಿಕನ್ ಕಾಮಿಕ್ಸ್ ಓದಲು ಹಿಡಿದವರಿಗೆಲ್ಲ ಈ ಪ್ರಶ್ನೆ ಬೇಗನೇ ಎದುರಾಗುತ್ತದೆ. ಬಹಳ ಮಂದಿ ಒಂದೇ ಸಲ ಉತ್ತರ ನಿಗದಿ ಮಾಡಿಕೊಂಡುಬಿಡುತ್ತಾರೆ. ಒಬ್ಬರು ಸಂಪುಟವನ್ನಲ್ಲದೆ ಮುಟ್ಟುವುದಿಲ್ಲ, ಇನ್ನೊಬ್ಬರು ಸಂಚಿಕೆ ಬಿಟ್ಟರೆ ಬೇರೆ ಕಾಮಿಕ್ಸೇ ಅಲ್ಲ ಅನ್ನುತ್ತಾರೆ. ನಾನೂ ಹಲವು ವರ್ಷ ಸಂಪುಟದ ಪಕ್ಷದಲ್ಲೇ ಇದ್ದೆ. ಆ ಹಟದಿಂದಾಗಿ ನನಗೆ ಬಹಳ ಇಷ್ಟವಾಗಬಹುದಿದ್ದ ಒಂದೆರಡು ಕಥೆಗಳು ಅರ್ಧಕ್ಕೇ ನಿಂತುಹೋದವು. ಈಗ ಪ್ರತಿ ಸರಣಿಗೂ ಬೇರೆಯಾಗಿಯೇ ತೀರ್ಮಾನ ಮಾಡುತ್ತೇನೆ. ಅದಕ್ಕೆ ಕೇಳಿಕೊಳ್ಳುವ ಪ್ರಶ್ನೆಗಳನ್ನು, ಕೇಳಿಕೊಳ್ಳುವ ಕ್ರಮದಲ್ಲೇ ಇಲ್ಲಿ ಕೊಟ್ಟಿದ್ದೇನೆ.

ಮೊದಲು ಯಾವುದಕ್ಕೆ ಏನು ಹೆಸರು ಅಂತ ತಿಳಿದಿರಲಿ

ಬಿಡಿ ಸಂಚಿಕೆ ಎಂದರೆ ನಡುವೆ ಎರಡು ಪಿನ್ನು ಹೊಡೆದ ತೆಳು ಪುಸ್ತಿಕೆ. ಜಾಹೀರಾತು ಸೇರಿ ಸಾಮಾನ್ಯವಾಗಿ 32 ಪುಟ. ಅದರಲ್ಲಿ ಕಥೆ 20ರಿಂದ 22 ಪುಟ. ಕೈಯಲ್ಲಿ ಹಿಡಿದರೆ ಬಾಗುತ್ತದೆ, ಅದಕ್ಕೇ ಫ್ಲಾಪಿ ಅಂತಲೂ ಕರೆಯುತ್ತಾರೆ. ಐದೋ ಆರೋ ಸಂಚಿಕೆ ಸೇರಿಸಿ ರಟ್ಟಿಲ್ಲದ ಮುಖಪುಟ ಹಾಕಿದರೆ ಅದು ಟ್ರೇಡ್ ಪೇಪರ್‌ಬ್ಯಾಕ್, ಓದುಗರ ಬಾಯಲ್ಲಿ ಬರೀ ಟ್ರೇಡ್. ಅದಕ್ಕಿಂತ ದಪ್ಪ, ದೊಡ್ಡ ಅಳತೆ, ಗಟ್ಟಿ ರಟ್ಟು ಆದರೆ ಡಿಲಕ್ಸ್. ಮಡಿಲಲ್ಲಿಟ್ಟು ಓದಲಾಗದಷ್ಟು ಭಾರದ, ಹತ್ತಾರು ಸಂಚಿಕೆಗಳ ಗಟ್ಟಿ ರಟ್ಟಿನ ಪುಸ್ತಕ ಆಮ್ನಿಬಸ್. ಪೇಪರ್‌ಬ್ಯಾಕಿನಲ್ಲೇ ಅಷ್ಟು ತುಂಬಿಸಿದರೆ ಕಂಪೆಂಡಿಯಂ.

ಲೆಕ್ಕ ಗೊತ್ತಾಗಲು ಒಂದು ಉದಾಹರಣೆ ಸಾಕು. ‘ದಿ ವಾಕಿಂಗ್ ಡೆಡ್’ 2003ರಿಂದ 2019ರವರೆಗೆ 193 ಸಂಚಿಕೆ ಬಂತು. ಅದೇ ಕಥೆ ಟ್ರೇಡ್ ರೂಪದಲ್ಲಿ 32 ಪುಸ್ತಕ, ಕಂಪೆಂಡಿಯಂ ರೂಪದಲ್ಲಿ ನಾಲ್ಕೇ ಪುಸ್ತಕ.

ಕಥೆ ಮುಗಿದಿದೆಯೇ?

ಮುಗಿದಿದ್ದರೆ ಹೆಚ್ಚು ಯೋಚಿಸಬೇಡಿ, ಸಂಪುಟ ಕೊಳ್ಳಿ. ಹಳೆಯ ಬಿಡಿ ಸಂಚಿಕೆಗಳನ್ನು ಒಂದೊಂದಾಗಿ ಹುಡುಕಿ ಜೋಡಿಸುವುದು ಬೇರೆಯೇ ಹವ್ಯಾಸ. ಅದರಲ್ಲಿ ಸುಖವಿದೆ. ಆದರೆ ಕಥೆ ಓದಬೇಕೆಂಬುದಷ್ಟೇ ಆಸೆಯಾದರೆ ಅದು ಸುತ್ತುದಾರಿ.

ಇದಕ್ಕೊಂದು ಅಪವಾದವಿದೆ. ಕೆಲವು ಕೃತಿಗಳು ಹಕ್ಕಿನ ತಕರಾರಿನಲ್ಲಿ ಸಿಕ್ಕಿ ವರ್ಷಗಟ್ಟಲೆ ಮರುಮುದ್ರಣ ಕಾಣುವುದಿಲ್ಲ. ‘ಮಿರಾಕಲ್‌ಮ್ಯಾನ್’ ಹಾಗಾಯಿತು. ಅದನ್ನು ಪ್ರಕಟಿಸುತ್ತಿದ್ದ ಎಕ್ಲಿಪ್ಸ್ ಸಂಸ್ಥೆ 1990ರ ದಶಕದಲ್ಲಿ ಮುಳುಗಿತು, ಹಕ್ಕು ಯಾರದೆಂಬುದು ಇತ್ಯರ್ಥವಾಗದೆ ಉಳಿಯಿತು. 2014ರಲ್ಲಿ ಮಾರ್ವೆಲ್ ಮತ್ತೆ ಅಚ್ಚು ಹಾಕುವ ತನಕ, ಅಂದರೆ ಸುಮಾರು ಇಪ್ಪತ್ತು ವರ್ಷ, ಓದಬೇಕೆನ್ನುವವರಿಗೆ ಹಳೆಯ ಪ್ರತಿಗಳೇ ಗತಿ. ಸಿನಿಮಾ, ಆಟಿಕೆ, ಟಿವಿ ಧಾರಾವಾಹಿಗಳಿಂದ ಲೈಸೆನ್ಸ್ ಪಡೆದು ಮಾಡುವ ಕಾಮಿಕ್ಸ್‌ಗೂ ಈ ಅಪಾಯ ಹೆಚ್ಚು. ಲೈಸೆನ್ಸ್ ಕೈಬದಲಾದರೆ ಸಂಪುಟ ಸಿಗುವುದು ನಿಂತುಹೋಗುತ್ತದೆ. ಅಂಥದ್ದು ಇಷ್ಟವಾದರೆ ಸಿಕ್ಕ ರೂಪದಲ್ಲಿ, ಸಿಕ್ಕಾಗಲೇ ಕೊಂಡುಕೊಳ್ಳಿ.

ನೀವು ಕಾದರೆ ಸರಣಿ ಉಳಿಯುತ್ತದೆಯೇ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು. ಹೊಸ ಓದುಗರು ಕೇಳಿಕೊಳ್ಳದೇ ಬಿಡುವುದೂ ಇದನ್ನೇ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಕಾಮಿಕ್ಸ್ ಪತ್ರಿಕೆಗಳ ಸ್ಟಾಲಿನಲ್ಲೇ ಮಾರಾಟವಾಗುತ್ತಿತ್ತು. ಉಳಿದ ಪ್ರತಿ ವಾಪಸು ಮಾಡಿದರೆ ಮಾರುವವನಿಗೆ ದುಡ್ಡು ಮರಳಿ ಸಿಗುತ್ತಿತ್ತು. 1970ರ ದಶಕದಲ್ಲಿ ಫಿಲ್ ಸ್ಯೂಲಿಂಗ್ ಎಂಬ ವಿತರಕರು ಪ್ರಕಾಶಕರ ಜೊತೆ ಬೇರೆ ಒಪ್ಪಂದ ಕುದುರಿಸಿದರು: ರಿಯಾಯಿತಿ ಹೆಚ್ಚು ಕೊಡಿ, ಉಳಿದದ್ದನ್ನು ನಾವು ವಾಪಸು ಮಾಡುವುದಿಲ್ಲ. ಡೈರೆಕ್ಟ್ ಮಾರ್ಕೆಟ್ ಹುಟ್ಟಿದ್ದು ಹೀಗೆ. ಬಿಡಿ ಸಂಚಿಕೆಗಳ ವ್ಯಾಪಾರ ಇವತ್ತಿಗೂ ಬಹುಪಾಲು ಇದೇ ನೆಲೆಯ ಮೇಲೆ ನಡೆಯುತ್ತದೆ.

ಇದರ ಪರಿಣಾಮ ಏನೆಂದು ನೋಡಿ. ಯಾವ ಸಂಚಿಕೆ ಎಷ್ಟು ಪ್ರತಿ ಬೇಕೆಂದು ಅಂಗಡಿಯವರು ಬಿಡುಗಡೆಗೆ ಕೆಲವು ವಾರ ಮೊದಲೇ ಹೇಳಿರಬೇಕು. ಮಾರಾಟವಾಗದೆ ಉಳಿದರೆ ನಷ್ಟ ಅವರ ತಲೆಗೆ. ಹಾಗಾಗಿ ಬ್ಯಾಟ್‌ಮ್ಯಾನ್ ಧೈರ್ಯವಾಗಿ ತರಿಸುತ್ತಾರೆ, ಹೆಸರು ಕೇಳದ ಹೊಸಬರ ಸರಣಿಯನ್ನು ಎರಡೋ ಮೂರೋ ಪ್ರತಿಗೆ ನಿಲ್ಲಿಸುತ್ತಾರೆ. ಮೊದಲ ಸಂಚಿಕೆ ಓದುಗನ ಕೈ ಸೇರುವ ಹೊತ್ತಿಗೆ ಎರಡನೆಯದರ ಆರ್ಡರು ಹೋಗಿಯೇ ಆಗಿರುತ್ತದೆ, ಮೂರನೆಯದರ ಗಡುವೂ ಹತ್ತಿರವಾಗಿರುತ್ತದೆ. ಕಥೆ ಚೆನ್ನಾಗಿದೆ ಎಂಬ ಸುದ್ದಿ ಹಬ್ಬಲು ಅಲ್ಲಿ ಸಮಯವೇ ಇಲ್ಲ. ಸಂಖ್ಯೆ ಕಡಿಮೆ ಬಂದರೆ ಪ್ರಕಾಶಕರು ಆರನೆಯ ಸಂಚಿಕೆಗೋ ಎಂಟನೆಯದಕ್ಕೋ ಸರಣಿ ಮುಗಿಸಿಬಿಡುತ್ತಾರೆ. ಆ ತೀರ್ಮಾನ ಬಹಳ ಸಲ ಮೊದಲ ಸಂಪುಟ ಪುಸ್ತಕದಂಗಡಿಗೆ ಬರುವ ಮುಂಚೆಯೇ ಆಗಿರುತ್ತದೆ. ಸಂಪುಟಕ್ಕೆ ಕಾದು ಕೂತವರ ಲೆಕ್ಕ ಆಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಕ್ಕು ತಮ್ಮ ಕೈಯಲ್ಲೇ ಇಟ್ಟುಕೊಂಡ ಲೇಖಕರು, ಚಿತ್ರಕಾರರಿಗಂತೂ ಇದು ತಿಂಗಳ ಸಂಪಾದನೆಯ ಪ್ರಶ್ನೆ. ಇಮೇಜ್ ಕಾಮಿಕ್ಸ್‌ನಲ್ಲಿ ಮುದ್ರಣದ ಖರ್ಚು, ಸಂಸ್ಥೆಯ ನಿಗದಿತ ಶುಲ್ಕ ಕಳೆದು ಉಳಿದದ್ದು ಕೃತಿಕಾರರಿಗೆ ಹೋಗುತ್ತದೆ. ಏನೂ ಉಳಿಯದಿದ್ದರೆ ಆ ತಿಂಗಳು ಬರೆದವರಿಗೂ ಬಿಡಿಸಿದವರಿಗೂ ಏನೂ ಇಲ್ಲ. ಸಂಪುಟದ ದುಡ್ಡು ಬರುವ ತನಕ ಅವರು ಹೇಗೋ ದಿನ ದೂಡಬೇಕು.

ಆದ್ದರಿಂದ ನನ್ನ ನಿಯಮ ಹೀಗಿದೆ. ದೊಡ್ಡ ಪ್ರಕಾಶಕರ ಹೆಸರಾಂತ ಪಾತ್ರವಾದರೆ ನಿಶ್ಚಿಂತೆಯಿಂದ ಕಾಯಿರಿ, ನಿಮ್ಮೊಬ್ಬರ ಕಾಯುವಿಕೆಯಿಂದ ಸ್ಪೈಡರ್‌ಮ್ಯಾನ್ ನಿಲ್ಲುವುದಿಲ್ಲ. ನಾಲ್ಕೋ ಐದೋ ಸಂಚಿಕೆಗೆ ಮುಗಿಯುತ್ತದೆಂದು ಮೊದಲೇ ಘೋಷಿಸಿದ ಕಿರುಸರಣಿಯಾದರೂ ಕಾಯಬಹುದು. ಆದರೆ ಹೊಸಬರದ್ದು, ಸಣ್ಣ ಪ್ರಕಾಶಕರದ್ದು, ಎಷ್ಟು ಸಂಚಿಕೆ ಎಂದು ಗೊತ್ತಿಲ್ಲದ್ದು, ಮೊದಲ ಸಂಚಿಕೆಗೇ ಮನಸ್ಸು ಹಿಡಿದದ್ದು ಆದರೆ ಬಿಡಿ ಸಂಚಿಕೆಯನ್ನೇ ಕೊಳ್ಳಿ. ಅದನ್ನೂ ಅಂಗಡಿಗೆ ಬಂದ ಮೇಲೆ ಹುಡುಕಬೇಡಿ, ಮುಂಗಡವಾಗಿ ಹೇಳಿಡಿ. ಹೀಗೆ ಹೇಳಿಟ್ಟ ಪಟ್ಟಿಗೆ ಪುಲ್ ಲಿಸ್ಟ್ ಅನ್ನುತ್ತಾರೆ. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಅಂಗಡಿಯವರು ಆ ಒಂದು ಪ್ರತಿಯನ್ನು ಅಂಜಿಕೆಯಿಲ್ಲದೆ ತರಿಸುತ್ತಾರೆ. ಹತ್ತಿರ ಅಂಗಡಿಯೇ ಇಲ್ಲವಾದರೆ ಸಂಪುಟವನ್ನಾದರೂ ಮುಂಗಡ ಕಾಯ್ದಿರಿಸಿ, ಅದೂ ಲೆಕ್ಕಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕ

ಅಮೆರಿಕದ ಮುಖಬೆಲೆಯಲ್ಲೇ ಹೇಳುತ್ತೇನೆ. ಬಿಡಿ ಸಂಚಿಕೆ ಈಗ ಹೆಚ್ಚಾಗಿ 3.99 ಅಥವಾ 4.99 ಡಾಲರ್. ಆರು ಸಂಚಿಕೆಗೆ 23.94 ಅಥವಾ 29.94 ಆಯಿತು. ಅದೇ ಆರು ಸಂಚಿಕೆಯ ಟ್ರೇಡ್ ಸಾಮಾನ್ಯವಾಗಿ 20 ಡಾಲರ್ ಆಸುಪಾಸು. ಇಮೇಜ್ ಅನೇಕ ವರ್ಷ ಹಲವು ಸರಣಿಗಳ ಮೊದಲ ಸಂಪುಟವನ್ನು 9.99ಕ್ಕೇ ಕೊಟ್ಟಿತು, ಈಗಿನ ಮೂರು ಬಿಡಿ ಸಂಚಿಕೆಯ ಬೆಲೆಗಿಂತಲೂ ಕಡಿಮೆಗೆ ಇಡೀ ಮೊದಲ ಭಾಗ. ಬ್ಯಾಟ್‌ಮ್ಯಾನ್‌ನ ಪ್ರಕಾಶಕ ಸಂಸ್ಥೆ ಡಿಸಿ 2024ರಲ್ಲಿ ಕಾಂಪ್ಯಾಕ್ಟ್ ಕಾಮಿಕ್ಸ್ ಎಂಬ ಚಿಕ್ಕ ಅಳತೆಯ ಮಾಲೆ ಶುರು ಮಾಡಿ ತನ್ನ ಪ್ರಸಿದ್ಧ ಕಥೆಗಳಿಗೆ ಅದೇ 9.99 ಬೆಲೆ ಇಟ್ಟಿತು. ಪುಟಕ್ಕಿಷ್ಟು ಎಂದು ಲೆಕ್ಕ ಹಾಕಿದರೆ ಸಂಪುಟವೇ ಅಗ್ಗ. ಅದರಲ್ಲಿ ವಾದವಿಲ್ಲ.

ಆದರೂ ಎರಡು ವಿಷಯ ಈ ಲೆಕ್ಕದಲ್ಲಿ ಸೇರಿಲ್ಲ. ಕಥೆ ಹಿಡಿಸದಿದ್ದರೆ ಮೊದಲ ಸಂಚಿಕೆಗೇ ಕೈಬಿಡಬಹುದು, ಹೋಗುವುದು ನಾಲ್ಕು ಡಾಲರ್. ಸಂಪುಟವಾದರೆ ಇಪ್ಪತ್ತೂ ಹೋಯಿತು. ಹೊಸಬರನ್ನು ಪರೀಕ್ಷಿಸಲು ಬಿಡಿ ಸಂಚಿಕೆಯೇ ಅಗ್ಗ. ಇನ್ನೊಂದು, ಪ್ಲಾಸ್ಟಿಕ್ ಬ್ಯಾಗು, ಹಿಂದೆ ಆಸರೆಗಿಡುವ ಬೋರ್ಡು, ಪೆಟ್ಟಿಗೆ. ಸಂಚಿಕೆ ಕೂಡಿಡುವವರಿಗೆ ಈ ಖರ್ಚು ತಪ್ಪದು.

ಮುಂದೆ ಬೆಲೆ ಬರುತ್ತದೆ ಎಂಬ ಆಸೆಯನ್ನು ಮಾತ್ರ ಲೆಕ್ಕಕ್ಕೆ ತರಬೇಡಿ. 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಮುಂದೆ ಬೆಲೆ ಬಂದೀತೆಂದು ಜನ ಐದೈದು ಪ್ರತಿ ಕೊಂಡಿಟ್ಟರು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಯಾರು ಹೆಚ್ಚು ಕೊಡುತ್ತಾರೆ? ಬೆಲೆ ಏರಿದ್ದು ‘ದಿ ವಾಕಿಂಗ್ ಡೆಡ್’ ಮೊದಲ ಸಂಚಿಕೆಯಂಥವಕ್ಕೆ. ಅದು ಅಚ್ಚಾದದ್ದು ಸುಮಾರು ಏಳು ಸಾವಿರ ಪ್ರತಿ, ಆಗ ಅದನ್ನು ಯಾರೂ ಹೂಡಿಕೆ ಎಂದು ಕೊಂಡಿರಲಿಲ್ಲ.

ಸಂಚಿಕೆಯಲ್ಲಿ ಇರುವುದೆಲ್ಲ ಸಂಪುಟದಲ್ಲಿ ಇರುತ್ತದೆಯೇ?

ಕಥೆ ಇರುತ್ತದೆ. ಉಳಿದದ್ದು ಇದ್ದರೂ ಇರಬಹುದು, ಇಲ್ಲದೆಯೂ ಹೋಗಬಹುದು.

ಹೆಚ್ಚಾಗಿ ಕೈಬಿಟ್ಟುಹೋಗುವುದು ಓದುಗರ ಪತ್ರಗಳ ಪುಟ. ‘ಸಾಗಾ’ದ ಬಿಡಿ ಸಂಚಿಕೆಯ ಕೊನೆಯಲ್ಲಿ ಪತ್ರಗಳಿಗೇ ಪುಟಗಟ್ಟಲೆ ಜಾಗ. ಸಂಪುಟದಲ್ಲಿ ಅವಿಲ್ಲ. ಎಡ್ ಬ್ರೂಬೇಕರ್ ಮತ್ತು ಶಾನ್ ಫಿಲಿಪ್ಸ್ ಅವರ ‘ಕ್ರಿಮಿನಲ್’ ಸಂಚಿಕೆಗಳ ಹಿಂಬದಿಯಲ್ಲಿ ಹಳೆಯ ಅಪರಾಧ ಸಿನಿಮಾ, ಕಾದಂಬರಿಗಳ ಬಗ್ಗೆ ಪ್ರಬಂಧಗಳು ಬರುತ್ತಿದ್ದವು. ಸಂಚಿಕೆ ಕೊಂಡವರಿಗೆ ಕೊಡುವ ಉಡುಗೊರೆಯೆಂದೇ ಅವನ್ನು ಸಂಪುಟಕ್ಕೆ ಸೇರಿಸಲಿಲ್ಲ. (ಅದೇ ಜೋಡಿ 2020ರ ನಂತರ ಎಷ್ಟೋ ಕಥೆಗಳನ್ನು ಬಿಡಿ ಸಂಚಿಕೆಯ ಹಂಗಿಲ್ಲದೆ ನೇರ ಪುಸ್ತಕವಾಗಿಯೇ ತಂದಿತು. ಅಂಥ ಕಡೆ ನಮ್ಮ ಪ್ರಶ್ನೆಯೇ ಏಳುವುದಿಲ್ಲ.)

ಮುಖಪುಟಗಳ ವಿಷಯವನ್ನೂ ನೋಡಿ. ಕೆಲವು ಸಂಪುಟಗಳಲ್ಲಿ ಅಧ್ಯಾಯಗಳ ನಡುವಿನ ಮುಖಪುಟ ತೆಗೆದು ಎಲ್ಲವನ್ನೂ ಪುಸ್ತಕದ ಕೊನೆಗೆ ಹಾಕಿರುತ್ತಾರೆ. ‘ವಾಚ್‌ಮೆನ್’ನಂಥ ಕೃತಿಗೆ ಹಾಗೆ ಮಾಡಿದರೆ ಕಥೆಯ ಅಂಗವನ್ನೇ ಕಡಿದಂತೆ. 1986-87ರಲ್ಲಿ ಬಂದ ಅದರ ಹನ್ನೆರಡು ಸಂಚಿಕೆಗಳಲ್ಲೂ ಮುಖಪುಟವೇ ಆ ಅಧ್ಯಾಯದ ಮೊದಲ ಚಿತ್ರ. ಮೊದಲ ಸಂಚಿಕೆಯನ್ನೇ ನೋಡಿ, ಮುಖಪುಟದಲ್ಲಿ ಹತ್ತಿರದಿಂದ ಕಂಡದ್ದು ಒಳಪುಟದಲ್ಲಿ ದೂರ ಸರಿಯುತ್ತ ಹೋಗಿ ಕಥೆ ತೆರೆದುಕೊಳ್ಳುತ್ತದೆ. ಸಂಪುಟ ಕೊಳ್ಳುವ ಮೊದಲು ಒಳಗೆ ಒಮ್ಮೆ ಕಣ್ಣಾಡಿಸಿ ಮುಖಪುಟಗಳು ತಮ್ಮ ಜಾಗದಲ್ಲೇ ಇವೆಯೇ ನೋಡಿಕೊಳ್ಳುವುದು ಒಳ್ಳೆಯದು.

ಬಣ್ಣವೂ ಬದಲಾಗಿರಬಹುದು. ‘ದಿ ಕಿಲ್ಲಿಂಗ್ ಜೋಕ್’ 1988ರಲ್ಲಿ ಜಾನ್ ಹಿಗಿನ್ಸ್ ಬಣ್ಣದಲ್ಲಿ ಬಂತು, ಢಾಳಾದ ಹಳದಿ, ನೇರಳೆ. 2008ರ ಆವೃತ್ತಿಗೆ ಚಿತ್ರಕಾರ ಬ್ರಯನ್ ಬೋಲಂಡ್ ತಾವೇ ಹೊಸದಾಗಿ ಬಣ್ಣ ಹಾಕಿದರು, ತಣ್ಣಗೆ, ಮಂಕಾಗಿ. ಎರಡೂ ಓದಿದರೆ ಒಂದೇ ಕಥೆ ಬೇರೆ ಬೇರೆ ಕೋಣೆಯಲ್ಲಿ ನಡೆದಂತೆ ಅನಿಸುತ್ತದೆ. ನನಗೆ ಹಳೆಯದರ ಜ್ವರವೇ ಇಷ್ಟ.

ಕಾಗದ, ಪಿನ್ನು, ಬೈಂಡಿಂಗು

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಕೈಯಲ್ಲಿ ಹಿಡಿದು ನೋಡದ ಹೊರತು ಇದು ಅರ್ಥವಾಗುವುದಿಲ್ಲ.

ಬಿಡಿ ಸಂಚಿಕೆಯನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಎರಡು ಪುಟವೂ ಚಪ್ಪಟೆಯಾಗಿ ಮಲಗುತ್ತವೆ. ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರ ಇದ್ದರೆ ಅದು ಪೂರ್ತಿ ಕಾಣುತ್ತದೆ, ನಡುವೆ ಒಂದು ಗೆರೆಯಷ್ಟೆ. ಅದೇ ಚಿತ್ರವನ್ನು ಅಂಟು ಬೈಂಡಿಂಗಿನ ಸಂಪುಟದಲ್ಲಿ ನೋಡಿ. ನಡುವಿನ ಮಡಿಕೆ ಒಂದಷ್ಟು ಚಿತ್ರವನ್ನು ನುಂಗಿರುತ್ತದೆ. ನನ್ನ ಬಳಿ ಇರುವ ಒಂದು ಸಂಪುಟದಲ್ಲಿ ಯುದ್ಧಭೂಮಿಯ ನಡುವೆ ತಾಯಿಯೊಬ್ಬಳು ಮಗನ ಕಡೆಗೆ ಕೈಚಾಚುವ ಚಿತ್ರವಿದೆ. ಇಬ್ಬರ ಬೆರಳೂ ಸೇರುವ ಜಾಗ ಸರಿಯಾಗಿ ಮಡಿಕೆಯ ಒಳಗೆ ಹೋಗಿದೆ. ಬೆರಳು ತಾಗಿತೋ ಇಲ್ಲವೋ ಅನ್ನುವುದೇ ಆ ಪುಟದ ಜೀವ. ಪುಸ್ತಕ ಬಲವಂತವಾಗಿ ಅಗಲಿಸಿದೆ. ಬೆನ್ನು ಬಿರುಕು ಬಿಟ್ಟು ನಾಲ್ಕು ಹಾಳೆ ಕಳಚಿ ಬಂದವು. ಆಮೇಲೆ ಆ ಒಂದು ಸಂಚಿಕೆಯನ್ನು ಬೇರೆಯಾಗಿ ತರಿಸಿಕೊಂಡೆ. ಬೆರಳು ತಾಗಿರಲಿಲ್ಲ, ಕೂದಲೆಳೆಯಷ್ಟು ಅಂತರವಿತ್ತು.

ಇದಕ್ಕೆ ಉಪಾಯ ಹೊಲಿಗೆ ಬೈಂಡಿಂಗ್. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಚಿ, ನಡುವೆ ದಾರ ಕಂಡರೆ ಅದು ಹೊಲಿದದ್ದು. ಚೆನ್ನಾಗಿ ತೆರೆದುಕೊಳ್ಳುತ್ತದೆ, ಹೆಚ್ಚು ಬಾಳುತ್ತದೆ. ಹಾಳೆಗಳೆಲ್ಲ ಒಂದೇ ಗೋಡೆಯಂತೆ ಅಂಟಿದ್ದರೆ ಬರೀ ಅಂಟು. ಆಮ್ನಿಬಸ್‌ಗಳು ಸಾಮಾನ್ಯವಾಗಿ ಹೊಲಿದವು, ಟ್ರೇಡ್‌ಗಳು ಸಾಮಾನ್ಯವಾಗಿ ಅಂಟಿಸಿದವು. ಚಿತ್ರಕ್ಕಾಗಿಯೇ ಕೊಳ್ಳುವ ಕೃತಿಯಾದರೆ ಹೊಲಿಗೆಯ ಡಿಲಕ್ಸ್ ಬರುವ ತನಕ ಕಾಯುವುದು ಸಾರ್ಥಕ.

ಬಿಡಿ ಸಂಚಿಕೆಗೂ ಅದರದೇ ಕಾಯಿಲೆಗಳಿವೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪಿನ್ನು ತುಕ್ಕು ಹಿಡಿಯುತ್ತದೆ. ಮೊದಲು ಪಿನ್ನಿನ ಸುತ್ತ ಕಂದು ಬಣ್ಣದ ಚುಕ್ಕೆ, ಆಮೇಲೆ ಅದು ಕಾಗದಕ್ಕೆ ಹರಡಿ, ಕೊನೆಗೆ ನಡುವಿನ ಹಾಳೆ ಪಿನ್ನಿನಿಂದ ಕಿತ್ತು ಬರುತ್ತದೆ. ನಿಂತ ಭಂಗಿಯಲ್ಲಿ, ಆಮ್ಲರಹಿತ ಬೋರ್ಡು ಹಾಕಿ, ಬಿಸಿಲು ಬೀಳದ ಒಣ ಜಾಗದಲ್ಲಿಡಿ. ಒಂದರ ಮೇಲೊಂದು ಪೇರಿಸಬೇಡಿ, ಅಡಿಯವು ಬಾಗುತ್ತವೆ. ಲಾಂಗ್ ಬಾಕ್ಸ್ ಎನ್ನುವ ಉದ್ದನೆಯ ಪೆಟ್ಟಿಗೆಯಲ್ಲಿ ಬ್ಯಾಗು, ಬೋರ್ಡು ಸಮೇತ ಸುಮಾರು 200 ಸಂಚಿಕೆ ಹಿಡಿಯುತ್ತದೆ. ತುಂಬಿದ ಮೇಲೆ ಒಬ್ಬರೇ ಎತ್ತುವುದು ಕಷ್ಟ, ಹಾಗಾಗಿ ಶಾರ್ಟ್ ಬಾಕ್ಸ್ ಮೇಲು. ಸಂಪುಟಗಳಿಗೆ ಈ ರಗಳೆ ಇಲ್ಲ, ಕಪಾಟಿನಲ್ಲಿ ಬೆನ್ನು ಕಾಣುವಂತೆ ಜೋಡಿಸಿದರೆ ಮುಗಿಯಿತು. ಮತ್ತೆ ಮತ್ತೆ ಓದುವ ಅಭ್ಯಾಸವಿದ್ದವರಿಗೆ ಇದೇ ದೊಡ್ಡ ಅನುಕೂಲ. ಪೆಟ್ಟಿಗೆಯಲ್ಲಿಟ್ಟ ಸಂಚಿಕೆಯನ್ನು ಎಷ್ಟು ಸಲ ಹೊರಗೆ ತೆಗೆಯುತ್ತೀರಿ, ನೀವೇ ನೋಡಿಕೊಳ್ಳಿ.

ಹಲವು ಸರಣಿಗಳಿಗೆ ಹಬ್ಬಿದ ಕಥೆಯಾದರೆ

ಮಾರ್ವೆಲ್, ಡಿಸಿಯ ದೊಡ್ಡ ಕ್ರಾಸ್‌ಓವರ್‌ಗಳಲ್ಲಿ ಒಂದು ಕಥೆ ನಾಲ್ಕೈದು ಸರಣಿಗಳಲ್ಲಿ ಹರಿದಾಡುತ್ತದೆ. ಇಂಥವಕ್ಕೆ ಕಾಯುವುದೇ ಜಾಣತನ, ಓದುವ ಕ್ರಮವನ್ನು ಸಂಪಾದಕರೇ ಜೋಡಿಸಿಕೊಟ್ಟಿರುತ್ತಾರೆ. 2019ರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ ಆರಾರು ಸಂಚಿಕೆಯ ಎರಡು ಸರಣಿ. ಸಂಪುಟದಲ್ಲಿ ಹನ್ನೆರಡನ್ನೂ ಓದುವ ಕ್ರಮದಲ್ಲೇ ಹೆಣೆದಿದ್ದಾರೆ.

ಆದರೆ ಹಿಂಬದಿಯಲ್ಲಿ ‘ಈ ಪುಸ್ತಕದಲ್ಲಿರುವ ಸಂಚಿಕೆಗಳು’ ಎಂಬ ಸಾಲನ್ನು ಓದದೆ ಕೊಳ್ಳಬೇಡಿ. ಅದರ ಮುಂದಿನ ‘ಡಾನ್ ಆಫ್ ಎಕ್ಸ್’ ಮಾಲೆಯ ಮೊದಲ ಸಂಪುಟಗಳು ಆರು ಬೇರೆ ಬೇರೆ ಸರಣಿಗಳಿಂದ ಒಂದೊಂದು ಸಂಚಿಕೆ ಎತ್ತಿಕೊಂಡು ಮಾಡಿದವು. ಅದೇ ಸಂಚಿಕೆಗಳು ಆಯಾ ಸರಣಿಯ ಹೆಸರಿನ ಸಂಪುಟಗಳಲ್ಲೂ ಬಂದವು. ಎರಡೂ ಬಗೆಯನ್ನು ಗೊತ್ತಿಲ್ಲದೆ ಬೆರೆಸಿ ಕೊಂಡರೆ ಅರ್ಧ ಪುಟಗಳಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಹಳೆಯ ಕಥೆಗಳನ್ನು ಮರುಮುದ್ರಿಸುವ ಮಾರ್ವೆಲ್‌ನ ಎಪಿಕ್ ಕಲೆಕ್ಷನ್ ಸಂಪುಟಗಳಂತೂ ಕ್ರಮಸಂಖ್ಯೆಯ ಪ್ರಕಾರ ಬಿಡುಗಡೆಯಾಗುವುದಿಲ್ಲ, ಮೂರನೆಯದು ಸಿಗುತ್ತಿರುವಾಗ ಎರಡನೆಯದು ಇನ್ನೂ ಬಂದಿರದೆ ಇರಬಹುದು.

ಕಾಯುವುದು ಎಷ್ಟು ಕಾಲ?

ಟ್ರೇಡ್ ಬರುವುದು ಕೊನೆಯ ಸಂಚಿಕೆಯಾಗಿ ಒಂದೆರಡು ತಿಂಗಳಿಗೂ ಆಗಬಹುದು, ಅರ್ಧ ವರ್ಷಕ್ಕೂ ಆಗಬಹುದು. ಡಿಲಕ್ಸ್, ಆಮ್ನಿಬಸ್ ಬರಲು ವರ್ಷಗಳೇ ಬೇಕು, ಬಾರದೆಯೂ ಹೋಗಬಹುದು. ಬಂದರೂ ಒಂದು ಮುದ್ರಣ ಖಾಲಿಯಾದ ಮೇಲೆ ಮುಂದಿನ ಮುದ್ರಣಕ್ಕೆ ಮತ್ತೆ ಕಾಯಬೇಕು. ಇತ್ತ ಸಂಚಿಕೆಯನ್ನೇ ನಂಬಿದವರೂ ಕಾಯುವುದು ತಪ್ಪಿದ್ದಲ್ಲ. ‘ಸಾಗಾ’ 54ನೆಯ ಸಂಚಿಕೆ 2018ರ ಜುಲೈನಲ್ಲಿ ಎದೆ ಒಡೆಯುವ ಜಾಗದಲ್ಲಿ ನಿಂತಿತು, 55ನೆಯದು ಬಂದದ್ದು 2022ರ ಜನವರಿಯಲ್ಲಿ.

ತೀರಾ ತಾಳ್ಮೆ ಇಲ್ಲದಿದ್ದರೆ ಡಿಜಿಟಲ್ ಓದು ಇದೆ. ಮಾರ್ವೆಲ್ ಅನ್‌ಲಿಮಿಟೆಡ್ ಚಂದಾದಾರರಿಗೆ ಹೊಸ ಸಂಚಿಕೆಗಳು ಬಿಡುಗಡೆಯಾದ ಮೂರು ತಿಂಗಳಿಗೆ ಸಿಗುತ್ತವೆ. ಚಂದಾದಲ್ಲಿ ಓದಿ ನೋಡಿ, ಉಳಿಸಿಕೊಳ್ಳಬೇಕು ಅನಿಸಿದ್ದನ್ನು ಮಾತ್ರ ಸಂಪುಟವಾಗಿ ಕೊಳ್ಳುವುದು ದೊಡ್ಡ ಪ್ರಕಾಶಕರ ಮಟ್ಟಿಗೆ ಒಳ್ಳೆಯ ದಾರಿ.

ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದುವವರಿಗೆ ಈ ಸಂದಿಗ್ಧವೇ ಇಲ್ಲ. ಜಪಾನಿನಲ್ಲಿ ವಾರಪತ್ರಿಕೆಯ ಒರಟು ಕಾಗದ ಓದಿ ಎಸೆಯುವುದಕ್ಕೆ, ಟ್ಯಾಂಕೊಬೊನ್ ಎಂಬ ಸುಮಾರು 200 ಪುಟದ ಸಂಪುಟ ಇಟ್ಟುಕೊಳ್ಳುವುದಕ್ಕೆ ಎಂದು ಮೊದಲಿಂದಲೇ ಬೇರ್ಪಟ್ಟಿದೆ.

ನಡುವೆ ದಾರಿ ಬದಲಿಸಬೇಕಾದರೆ

ಬಿಡಿ ಸಂಚಿಕೆಯಲ್ಲಿ ಶುರು ಮಾಡಿ ಸಂಪುಟಕ್ಕೆ ಹೊರಳುವವರು ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಎಂಟು ಸಂಚಿಕೆ ಕೊಂಡು ಅಲ್ಲಿಗೆ ನಿಲ್ಲಿಸಿದೆ. ಎರಡನೆಯ ಸಂಪುಟ ಏಳರಿಂದ ಹನ್ನೆರಡು. ಏಳು, ಎಂಟು ಎರಡು ಸಲ ಮನೆಗೆ ಬಂದವು. ನಿಲ್ಲಿಸುವುದಾದರೆ ಸಂಪುಟದ ಗಡಿಯಲ್ಲಿ ನಿಲ್ಲಿಸಿ. ಆರಕ್ಕೋ ಹನ್ನೆರಡಕ್ಕೋ, ಆ ಸರಣಿಯ ಮೊದಲ ಟ್ರೇಡ್ ಎಷ್ಟು ಸಂಚಿಕೆಯದ್ದು ಎಂದು ನೋಡಿಕೊಂಡು. ನಿಲ್ಲಿಸುವುದನ್ನು ಅಂಗಡಿಯವರಿಗೂ ಎರಡು ತಿಂಗಳು ಮೊದಲೇ ಹೇಳಿ, ಏಕೆಂದರೆ ನಿಮ್ಮ ಹೆಸರಿನಲ್ಲಿ ಮುಂದಿನ ಸಂಚಿಕೆಗಳ ಆರ್ಡರು ಆಗಲೇ ಹೋಗಿರುತ್ತದೆ, ವಾಪಸು ಮಾಡಲು ಅವರಿಗೆ ದಾರಿಯಿಲ್ಲ.

ಸಂಪುಟ ಬಂದ ಮೇಲೆ ಉಳಿದ ಬಿಡಿ ಸಂಚಿಕೆಗಳನ್ನು ಏನು ಮಾಡುವುದು? ಪತ್ರಗಳ ಪುಟ, ಪ್ರಬಂಧ ಇರುವವನ್ನು ನಾನು ಇಟ್ಟುಕೊಳ್ಳುತ್ತೇನೆ. ಬಾಕಿಯವುಗಳಲ್ಲಿ ಮೊದಲ ಮೂರನ್ನು ಕಟ್ಟಿ, ಆ ಸರಣಿ ಇನ್ನೂ ಓದದ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಹೋದ ವರ್ಷ ಹಾಗೆ ಕೊಟ್ಟ ಒಂದು ಕಟ್ಟಿನಿಂದ ನಾಲ್ಕನೆಯ ಸಂಚಿಕೆ ಕೇಳಿಕೊಂಡು ಮೂರು ದಿನಕ್ಕೇ ಫೋನು ಬಂತು.